ಹೊಗೆಗೂ ಒಂದು ಕಂಬಳಿ

ಸೌದೆ ಒಲೆ ಮಾರುವ ಅಂಗಡಿಗೆ ಹೋದವರೆಲ್ಲ ಮೊದಲು ನೋಡುವುದು ಗಾಜಿನ ಬಾಗಿಲನ್ನು. ಬೆಂಕಿ ಎಷ್ಟು ಚೆಂದ ಕಾಣುತ್ತದೆ, ಎಷ್ಟು ದೊಡ್ಡ ಮನೆ ಬೆಚ್ಚಗಾಗುತ್ತದೆ, ರಾತ್ರಿ ಸೌದೆ ತುಂಬಿಟ್ಟರೆ ಬೆಳಗಿನವರೆಗೆ ಕೆಂಡ ಉಳಿಯುತ್ತದೆಯೇ ಎಂದು ಕೇಳುವ ಪ್ರಶ್ನೆಗಳೆಲ್ಲ ಒಲೆಯವೇ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ, ಅಂದರೆ ಮ್ಯಾಸಚೂಸೆಟ್ಸ್, ವರ್ಮಾಂಟ್, ಮೇಯ್ನ್ ಕಡೆ, ಚಳಿಗಾಲ ಹತ್ತಿರ ಬಂತೆಂದರೆ ಇಂಥ ಅಂಗಡಿಗಳಲ್ಲಿ ಜನವೋ ಜನ. ಹೊಗೆ ಹೋಗುವ ದಾರಿಯ ಮಾತು ಬರುವುದು ಬಿಲ್ಲು ಬರೆಯುವ ಹೊತ್ತಿಗೆ. ಚಿಮಣಿಯೊಳಗೆ ಇಳಿಬಿಡುವ ಲೈನರ್ ಕೊಳವೆಗೆ ಇಷ್ಟು, ಅದಕ್ಕೆ ಸುತ್ತುವ ಇನ್ಸುಲೇಷನ್‌ಗೆ ಇಷ್ಟು ಎಂದು ಎರಡು ಸಾಲು. ಗಿರಾಕಿ ಬೆರಳಿಡುವುದು ಆ ಎರಡನೆಯ ಸಾಲಿನ ಮೇಲೆ. ಇದು ಬೇಕೇ ಬೇಕಾ, ಬಿಟ್ಟರೆ ನಡೆಯುವುದಿಲ್ಲವಾ?

ಬಿಡಬಾರದು. ಲೇಖನದುದ್ದಕ್ಕೂ ನಾನು ಹೇಳಹೊರಟಿರುವುದು ಅದನ್ನೇ. ಆದರೆ ಯಾಕೆ ಬಿಡಬಾರದು ಎಂಬುದಕ್ಕೆ ಹಳೆಯ ಚರಿತ್ರೆಯಿದೆ, ಹೈಸ್ಕೂಲಿನಲ್ಲಿ ಕಲಿತ ಭೌತಶಾಸ್ತ್ರವಿದೆ, ಸುಟ್ಟುಹೋದ ಎಷ್ಟೋ ಮನೆಗಳಿವೆ.

ಈ ಅಂಗಡಿಗಳಲ್ಲಿ ಮಾರುವ ಇನ್ಸರ್ಟ್ ಎಂದರೆ ಹಳೆಯ ಇಟ್ಟಿಗೆ ಅಗ್ಗಿಷ್ಟಿಕೆಯ ಬಾಯೊಳಗೆ ಹೊಂದಿಸಿ ಕೂರಿಸುವ ಉಕ್ಕಿನ ಅಥವಾ ಎರಕದ ಕಬ್ಬಿಣದ ಒಲೆ. ಮುಂದೆ ಗಾಜಿನ ಬಾಗಿಲು, ಗಾಳಿಯನ್ನು ಹೆಚ್ಚುಕಡಿಮೆ ಮಾಡಲು ಒಂದು ಹಿಡಿ, ಮೇಲೆ ಹೊಗೆ ಹೊರಬೀಳಲು ಸಾಮಾನ್ಯವಾಗಿ 6 ಇಂಚಿನ ದುಂಡು ಬಾಯಿ. ತೆರೆದ ಅಗ್ಗಿಷ್ಟಿಕೆ ನೋಡಲು ಸೊಗಸು, ಮನೆ ಬೆಚ್ಚಗಿಡುವ ಕೆಲಸಕ್ಕೆ ಮಾತ್ರ ದಂಡ. ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲು ಕೋಣೆಗೆ ಸಿಕ್ಕರೆ ದೊಡ್ಡದು. ಉಳಿದದ್ದು ಹೊಗೆಯ ಜೊತೆ ಆಕಾಶಕ್ಕೆ ಹೋಗುತ್ತದೆ, ಹೋಗುತ್ತ ಕೋಣೆಯ ಬೆಚ್ಚನೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಇನ್ಸರ್ಟ್ ಈ ಲೆಕ್ಕವನ್ನು ತಿರುಗಿಸುತ್ತದೆ. ಈಗಿನ ಒಳ್ಳೆಯ ಒಲೆಗಳು ಶೇ 70ರ ಆಸುಪಾಸು ಶಾಖವನ್ನು ಮನೆಯೊಳಗೇ ಉಳಿಸುತ್ತವೆ. ಅಷ್ಟು ಶಾಖ ಕೋಣೆಗೆ ಇಳಿದ ಮೇಲೆ ಹೊಗೆಯ ಪಾಲಿಗೆ ಉಳಿಯುವುದು ಸ್ವಲ್ಪವೇ. ಆ ಸ್ವಲ್ಪದಲ್ಲೇ ಅದು ಇಪ್ಪತ್ತು, ಇಪ್ಪತ್ತೈದು ಅಡಿ ಹತ್ತಿ ಮನೆಯಿಂದ ಹೊರಬೀಳಬೇಕು. ತೊಡಕು ಶುರುವಾಗುವುದು ಇಲ್ಲಿ.

ಈ ತೊಡಕನ್ನು ಮೊದಲು ಎದುರಿಸಿದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬರು. 1744ರಲ್ಲಿ ಅವರು ತಮ್ಮ ಪೆನ್ಸಿಲ್ವೇನಿಯಾ ಅಗ್ಗಿಷ್ಟಿಕೆಯ ಬಗ್ಗೆ ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ಸೌದೆ ಆಗಲೇ ಊರಿನ ಹತ್ತಿರ ಸಿಗದೆ ದುಬಾರಿಯಾಗುತ್ತಿತ್ತು. ಹೊಗೆಯನ್ನು ನೇರವಾಗಿ ಮೇಲಕ್ಕೆ ಬಿಡದೆ, ಒಂದು ಟೊಳ್ಳು ಕಬ್ಬಿಣದ ಗೋಡೆಯ ಮೇಲೆ ಹಾಯಿಸಿ, ಅದರ ಬೆನ್ನ ಹಿಂದೆ ಕೆಳಗಿಳಿಸಿ, ನೆಲದ ಮಟ್ಟದಿಂದ ಚಿಮಣಿಗೆ ಸೇರಿಸುವುದು ಅವರ ಯೋಚನೆ. ಹೋಗುವ ದಾರಿಯಲ್ಲಿ ಹೊಗೆ ತನ್ನ ಶಾಖವನ್ನು ಕಬ್ಬಿಣಕ್ಕೆ ಕೊಟ್ಟು ಹೋಗಲಿ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅಷ್ಟು ಶಾಖ ಕಳೆದುಕೊಂಡ ಹೊಗೆಗೆ ತಣ್ಣನೆಯ ಚಿಮಣಿಯನ್ನು ಹತ್ತುವ ಕಸುವು ಉಳಿಯುತ್ತಿರಲಿಲ್ಲ. ಬೆಂಕಿ ಒಂದೇ ಸಮ ಜೋರಾಗಿ ಉರಿಯುತ್ತಿದ್ದರೆ ಸರಿ, ಸ್ವಲ್ಪ ಮಂಕಾದರೆ ಹೊಗೆ ಕೋಣೆಗೇ ಮರಳುತ್ತಿತ್ತು. ಮುಂದೆ ಡೇವಿಡ್ ರಿಟನ್‌ಹೌಸ್ ಎಂಬ ಖಗೋಳಜ್ಞರು ಆ ಇಳಿದಾರಿಯನ್ನು ತೆಗೆದು, ಹೊಗೆ ಸಲೀಸಾಗಿ ಮೇಲೇರುವ ಹಾಗೆ ಮಾಡಿದರು. ಈ ಒಲೆಗೆ ಪೇಟೆಂಟ್ ಕೊಡುತ್ತೇನೆಂದು ಪೆನ್ಸಿಲ್ವೇನಿಯಾದ ಗವರ್ನರ್ ಮುಂದೆ ಬಂದಾಗ ಫ್ರಾಂಕ್ಲಿನ್ ಬೇಡವೆಂದರು ಎಂಬುದು ನೆನೆಯಬೇಕಾದ ಸಂಗತಿ. ಬೇರೆಯವರು ಅದನ್ನು ತಿದ್ದಿ ಸುಧಾರಿಸಲು ದಾರಿ ಹೀಗೆ ತೆರೆದೇ ಇತ್ತು.

ಆ ಕಾಲದ ಮನೆಗಳಿಗೆ ಒಂದು ಅನುಕೂಲವಿತ್ತು. ನ್ಯೂ ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಚಿಮಣಿ ಮನೆಯ ನಡುಮಧ್ಯೆ ಇರುತ್ತಿತ್ತು. ಸುತ್ತಲೂ ಕೋಣೆಗಳು, ನಡುವೆ ದೊಡ್ಡ ಇಟ್ಟಿಗೆ ಕಂಬ. ಒಮ್ಮೆ ಕಾದರೆ ಇಡೀ ಚಳಿಗಾಲ ಅದು ಪೂರಾ ತಣ್ಣಗಾಗುತ್ತಲೇ ಇರಲಿಲ್ಲ. ವರ್ಜೀನಿಯಾದಂಥ ದಕ್ಷಿಣದ ಸೀಮೆಗಳಲ್ಲಿ ಅಡುಗೆಯ ಬಿಸಿ ಮನೆಯೊಳಗೆ ಬೇಡವೆಂದು ಚಿಮಣಿಯನ್ನು ಮನೆಯ ತುದಿಗೋಡೆಗೆ ಕಟ್ಟುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಉತ್ತರದ ಚಳಿ ಊರುಗಳಲ್ಲೂ ಚಿಮಣಿ ಹೊರಗೋಡೆಗೆ ಹೋಯಿತು. ಒಳಗೆ ಜಾಗ ಉಳಿಯುತ್ತದೆ, ಕಟ್ಟುವುದೂ ಸುಲಭ. ಆದರೆ ಜನವರಿಯಲ್ಲಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಗಾಳಿಗೆ ಮೂರು ಬದಿ ಒಡ್ಡಿಕೊಂಡು ನಿಂತ ಇಟ್ಟಿಗೆ ಕಂಬ ಅದು. ಅದರೊಳಗಿನ ಹೊಗೆಯ ಪಾಡು ಏನಾಗಬೇಕು?

ಚಿಮಣಿಯ ಎಳೆತ ಹುಟ್ಟುವುದು ಒಳಗಿನ ಹೊಗೆಗೂ ಹೊರಗಿನ ಗಾಳಿಗೂ ಇರುವ ತೂಕದ ವ್ಯತ್ಯಾಸದಿಂದ. ಬಿಸಿ ಹೊಗೆ ಹಗುರ, ತಣ್ಣನೆ ಗಾಳಿ ಭಾರ. ಆರು ಮೀಟರ್ ಎತ್ತರದ ಚಿಮಣಿ, ಹೊರಗೆ ಸೊನ್ನೆ ಡಿಗ್ರಿ ಎಂದಿಟ್ಟುಕೊಳ್ಳಿ. ಒಳಗಿನ ಹೊಗೆ ಸರಾಸರಿ 200 ಡಿಗ್ರಿ ಸೆಲ್ಸಿಯಸ್ ಇದ್ದರೆ ಎಳೆತ ಸುಮಾರು 32 ಪ್ಯಾಸ್ಕಲ್. ಹೊಗೆ ತಣ್ಣಗಾಗಿ ಸರಾಸರಿ 80 ಡಿಗ್ರಿಗೆ ಇಳಿದರೆ ಸುಮಾರು 17. ನಮ್ಮ ಸುತ್ತಲ ಗಾಳಿಯ ಒತ್ತಡ ಒಂದು ಲಕ್ಷ ಪ್ಯಾಸ್ಕಲ್‌ಗಿಂತ ತುಸು ಹೆಚ್ಚು ಎಂದು ನೆನಪಿಟ್ಟುಕೊಂಡರೆ, ಇಡೀ ಒಲೆ ನಡೆಯುವುದು ಎಷ್ಟು ಸಣ್ಣ ಬಲದ ಮೇಲೆ ಎಂಬುದು ತಿಳಿಯುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು, ಸೊರಗಿದ ಎಳೆತ ಸೋತು ಹೊಗೆ ಕೋಣೆಗೆ ನುಗ್ಗುತ್ತದೆ. ಹೊಗೆಯ ಜೊತೆ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ.

ಎಳೆತಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸೌದೆ ಉರಿದರೆ ನೀರು ಹುಟ್ಟುತ್ತದೆ. ಒಣಗಿದ ಮರದ ತೂಕದಲ್ಲಿ ಶೇ 6ರಷ್ಟು ಹೈಡ್ರೋಜನ್ ಇರುತ್ತದೆ, ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾವಿಯಾಗುತ್ತದೆ. ಶೇ 20ರಷ್ಟು ತೇವ ಉಳಿದಿರುವ, ಅಂದರೆ ಚೆನ್ನಾಗಿಯೇ ಒಣಗಿದ ಹತ್ತು ಕಿಲೋ ಸೌದೆ ಸುಟ್ಟರೆ ಆರು ಲೀಟರಿಗೂ ಹೆಚ್ಚು ನೀರು ಆವಿಯಾಗಿ ಚಿಮಣಿ ಹತ್ತುತ್ತದೆ. ಹಸಿ ಸೌದೆಯಾದರೆ ಕೇಳುವುದೇ ಬೇಡ. ಪೂರ್ತಿ ಉರಿಯದೆ ಉಳಿದ ಟಾರಿನಂಥ ಆವಿಗಳೂ ಅದರ ಜೊತೆಯಲ್ಲೇ ಹೊರಟಿರುತ್ತವೆ. ಹೊಗೆ ಸುಮಾರು 120 ಡಿಗ್ರಿಗಿಂತ ಕೆಳಗಿಳಿದಲ್ಲಿ ಇವೆಲ್ಲ ತಣ್ಣನೆ ಗೋಡೆಗೆ ಕೂರತೊಡಗುತ್ತವೆ. ಅದೇ ಕ್ರಿಯೋಸೋಟ್. ಮೊದಮೊದಲು ಅದು ಪುಡಿಪುಡಿ ಮಸಿ, ಬ್ರಷ್ ಆಡಿಸಿದರೆ ಉದುರುತ್ತದೆ. ಆಮೇಲೆ ಚಕ್ಕೆ ಕಟ್ಟುತ್ತದೆ. ಹಾಗೇ ಬಿಟ್ಟರೆ ಕೊನೆಗೆ ಕಪ್ಪಗೆ ಹೊಳೆಯುವ ಗಟ್ಟಿ ಪದರವಾಗುತ್ತದೆ. ಆ ಹಂತಕ್ಕೆ ಹೋದರೆ ಬ್ರಷ್ಷಿಗೆ ಬಗ್ಗುವುದಿಲ್ಲ. ಕಾಲು ಇಂಚಿನ ಅರ್ಧದಷ್ಟು ಕೂತರೆ ಸಾಕು, ತೆಗೆಸಲೇಬೇಕು ಎಂಬುದು ಚಿಮಣಿ ಕೆಲಸದವರ ಲೆಕ್ಕ. ಯಾಕೆಂದರೆ ಕ್ರಿಯೋಸೋಟ್ ಸ್ವತಃ ಇಂಧನ. ಒಂದು ಕಿಡಿ ತಗುಲಿದರೆ ಚಿಮಣಿಯೇ ಒಲೆಯಾಗುತ್ತದೆ.

ಚಿಮಣಿ ಬೆಂಕಿ ಹತ್ತಿಕೊಂಡರೆ ಭೋರ್ಗರೆಯುತ್ತದೆ, ಮೇಲೆ ಬಾಯಿಂದ ಜ್ವಾಲೆ ಚಿಮ್ಮುತ್ತದೆ, ಒಳಗಿನ ಬಿಸಿ 1100 ಡಿಗ್ರಿಯ ಹತ್ತಿರ ಹೋಗಬಹುದು. ಆದರೆ ಎಲ್ಲ ಚಿಮಣಿ ಬೆಂಕಿಗಳೂ ಹೀಗೆ ಸಾರಿಕೊಂಡು ಬರುವುದಿಲ್ಲ. ಗಾಳಿ ಸಾಲದೆ ನಿಧಾನಕ್ಕೆ ಉರಿದು ತಾವೇ ಆರಿಹೋಗುವಂಥವೂ ಇವೆ. ಮನೆಯವರಿಗೆ ಗೊತ್ತೇ ಆಗಿರುವುದಿಲ್ಲ. ಮುಂದೆ ಯಾವಾಗಲೋ ಕ್ಯಾಮೆರಾ ಇಳಿಸಿ ನೋಡಿದಾಗ ಅರಳಿನ ಹಾಗೆ ಉಬ್ಬಿ ಹಗುರಾದ ಕ್ರಿಯೋಸೋಟ್ ಕಾಣುತ್ತದೆ, ಅದರ ಪಕ್ಕದಲ್ಲೇ ಒಳಗಿನ ಮಣ್ಣಿನ ಕೊಳವೆ ಮೇಲಿಂದ ಕೆಳಗೆ ಸೀಳಿರುವುದು ಕಾಣುತ್ತದೆ. ಸುಟ್ಟ ಮಣ್ಣಿನ ಚೌಕ ಕೊಳವೆಗಳನ್ನು ಒಂದರ ಮೇಲೊಂದು ಪೇರಿಸಿ ಚಿಮಣಿಯ ಒಳಮೈ ಕಟ್ಟುವುದು ಅಲ್ಲಿನ ವಾಡಿಕೆ. ಒಳಬದಿ ಒಮ್ಮೆಗೇ ಕಾದು ಹಿಗ್ಗಿ, ಹೊರಬದಿ ತಣ್ಣಗೇ ಉಳಿದರೆ ಅವು ಒಡೆಯುತ್ತವೆ. ಮೊದಲ ಬೆಂಕಿ ಬರೀ ಬಿರುಕು ಬಿಟ್ಟು ಹೋಗುತ್ತದೆ. ಎರಡನೆಯದು ಆ ಬಿರುಕಿನಿಂದಲೇ ಹೊರಬಂದು ಮನೆಯ ಮರಕ್ಕೆ ತಗಲುತ್ತದೆ.

ಮರ ಎಂದೆ. ಅಮೆರಿಕದ ಮನೆಗಳನ್ನು ಕಂಡವರಿಗೆ ಇದು ಗೊತ್ತು: ಅವು ಮರದ ಚೌಕಟ್ಟಿನ ಮನೆಗಳು. ಚಿಮಣಿಯ ಇಟ್ಟಿಗೆ ಎಷ್ಟೇ ಗಟ್ಟಿಯಿದ್ದರೂ ಅದರ ಬಗಲಲ್ಲೇ ಮರದ ತೊಲೆ, ಮರದ ಅಟ್ಟ, ಮರದ ಚಾವಣಿ. ಬಾಸ್ಟನ್ ಊರಿನಲ್ಲಿ ಮರದ ಚಿಮಣಿಯನ್ನೂ ಹುಲ್ಲಿನ ಚಾವಣಿಯನ್ನೂ ನಿಷೇಧಿಸಿದ್ದು 1631ರಲ್ಲಿ, ವಲಸೆಗಾರರು ಅಲ್ಲಿ ನೆಲೆಯೂರಿದ ಮರುವರ್ಷವೇ. ಈಗಿನ ನಿಯಮದಂತೆ ಮನೆಯೊಳಗಿನ ಚಿಮಣಿಯ ಇಟ್ಟಿಗೆಗೂ ಮರಕ್ಕೂ ನಡುವೆ 2 ಇಂಚು, ಹೊರಗೋಡೆಯ ಚಿಮಣಿಯಾದರೆ 1 ಇಂಚು ತೆರಪು ಇರಲೇಬೇಕು. ಕಾಗದದ ಮೇಲೆ ಇರುತ್ತದೆ. ಗೋಡೆಯ ಹಿಂದೆ, ನೆಲದ ಕೆಳಗೆ, ಎಪ್ಪತ್ತು ವರ್ಷದ ಹಿಂದೆ ಬಡಗಿ ಒಂದು ತೊಲೆಯನ್ನು ಇಟ್ಟಿಗೆಗೆ ತಾಗಿಸಿಯೇ ಕೂರಿಸಿದ್ದರೆ ಯಾರು ನೋಡಿದವರು? ವರ್ಷಗಟ್ಟಲೆ ಬಿಸಿ ತಾಗುತ್ತ ತಾಗುತ್ತ ಮರ ಒಳಗೊಳಗೇ ಇದ್ದಿಲಾಗುತ್ತ ಬರುತ್ತದೆ. ಹೊಸ ಮರಕ್ಕೆ ಬೆಂಕಿ ಹತ್ತಲು ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ ಬಿಸಿಗೆ ಅದು ಹತ್ತಿಕೊಳ್ಳಬಲ್ಲದು. ಇಪ್ಪತ್ತು ವರ್ಷ ಏನೂ ಆಗಲಿಲ್ಲ ಎಂಬ ಧೈರ್ಯ ಈ ವಿಷಯದಲ್ಲಿ ಸುಳ್ಳು ಧೈರ್ಯ. ಅಪಾಯ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋಗಿರುತ್ತದೆ.

ಇಷ್ಟೆಲ್ಲ ಜನರಿಗೆ ಮನವರಿಕೆಯಾದದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದವು, ಮನೆ ಬೆಚ್ಚಗಿಡುವ ಎಣ್ಣೆಯ ಬೆಲೆ ಏರಿತು, ನ್ಯೂ ಇಂಗ್ಲೆಂಡಿನವರು ಅಜ್ಜನ ಕಾಲದ ಸೌದೆಗೆ ಮರಳಿದರು. ಒಲೆ ಮಾರುವವರು ಬೀದಿಬೀದಿಗೂ ಹುಟ್ಟಿಕೊಂಡರು. ಇನ್ಸರ್ಟನ್ನು ತಂದು ಅಗ್ಗಿಷ್ಟಿಕೆಯ ಬಾಯಿಗೆ ತಳ್ಳಿಬಿಡುವುದು ಆಗಿನ ಪದ್ಧತಿ. ಮೇಲೆ ಕೊಳವೆಯೇ ಇಲ್ಲ. ಒಲೆಯಿಂದ ಬಂದ ಹೊಗೆ ಅಗಲವಾದ ಇಟ್ಟಿಗೆ ಗೂಡಿಗೆ ಬಿದ್ದು ಹೇಗೋ ದಾರಿ ಹುಡುಕಿಕೊಳ್ಳಬೇಕು. ಮಾಮೂಲಿ 12 ಇಂಚು ಚೌಕದ ಮಣ್ಣಿನ ಕೊಳವೆಯ ಒಳ ಅಳತೆ ನೂರು ಚದರ ಇಂಚಿನ ಆಸುಪಾಸು. ಒಲೆಯ 6 ಇಂಚಿನ ಬಾಯಿ 28 ಚದರ ಇಂಚು. ಅಂದರೆ ಹೊಗೆಯ ವೇಗ ಕಾಲುಭಾಗದಷ್ಟಕ್ಕೆ ಇಳಿಯಿತು, ತಣ್ಣನೆ ಗೋಡೆಯ ಪಕ್ಕ ತೂಕಡಿಸುತ್ತ ಹತ್ತಿತು. ಕ್ರಿಯೋಸೋಟ್ ಬೆಳೆಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆಂದರೂ ಸಿಗದು. ಒಲೆಯನ್ನು ಹೊರಗೆಳೆಯದೆ ಗುಡಿಸಲೂ ಆಗುತ್ತಿರಲಿಲ್ಲ, ಹಾಗಾಗಿ ಹೆಚ್ಚಿನವರು ಗುಡಿಸಲೇ ಇಲ್ಲ.

ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘದ 211ನೇ ಸಂಖ್ಯೆಯ ಮಾನದಂಡ ಈಗ ಇದನ್ನು ಒಪ್ಪುವುದಿಲ್ಲ. ಹೊಗೆ ಹತ್ತುವ ದಾರಿಯ ವಿಸ್ತೀರ್ಣ ಒಲೆಯ ಬಾಯಿಯದಕ್ಕಿಂತ ಕಡಿಮೆಯಾಗಬಾರದು, ಚಿಮಣಿ ಮನೆಯೊಳಗಿದ್ದರೆ ಅದರ ಮೂರು ಪಟ್ಟು, ಹೊರಗೋಡೆಯಲ್ಲಿದ್ದರೆ ಎರಡು ಪಟ್ಟು ಮೀರಬಾರದು. ಮೇಲಿನ ಲೆಕ್ಕದಲ್ಲಿ ಮೂರು ಪಟ್ಟು ಎಂದರೆ 85, ಎರಡು ಪಟ್ಟು ಎಂದರೆ 56. ನೂರು ಎರಡಕ್ಕೂ ಹೊರಗೆ. ಹೀಗಾಗಿ ಒಲೆಯ ಬಾಯಿಂದ ಚಿಮಣಿಯ ತುದಿಯವರೆಗೆ ಸ್ಟೇನ್‌ಲೆಸ್ ಸ್ಟೀಲಿನ ಒಂದೇ ಕೊಳವೆ ಇಳಿಬಿಡುವುದು ವಾಡಿಕೆಗೆ ಬಂತು. ಅದೇ ಲೈನರ್. ಮಡಿಕೆ ಮಡಿಕೆಯಾಗಿ ಬಾಗುವಂಥದ್ದು, ಸೌದೆಗೆ ಹೆಚ್ಚಾಗಿ 316 ದರ್ಜೆಯ ಉಕ್ಕು. ಇದರ ಪರೀಕ್ಷೆಗೆ ಯು.ಎಲ್. 1777 ಎಂಬ ಮಾನದಂಡವಿದೆ. ಸುಮಾರು 540 ಡಿಗ್ರಿಯ ಹೊಗೆಯನ್ನು ಹಾಯಿಸಿ ನೋಡುತ್ತಾರೆ. ಚಿಮಣಿ ಬೆಂಕಿಯನ್ನೇ ಅಣಕಿಸಿ ಸುಮಾರು 1150 ಡಿಗ್ರಿಯಲ್ಲಿ ಹತ್ತು ಹತ್ತು ನಿಮಿಷ ಕಾಯಿಸುತ್ತಾರೆ. ಕೊಳವೆ ಕರಗಿತೇ ಎಂಬುದಕ್ಕಿಂತ ಹೊರಗಿನ ಮರ ಎಷ್ಟು ಬಿಸಿಯಾಯಿತು ಎಂಬುದು ಅಲ್ಲಿ ಮುಖ್ಯ. ಇಟ್ಟಿಗೆಗೆ ಮರ ತಾಗಿಯೇ ಇದ್ದರೂ ಅಡ್ಡಿಯಿಲ್ಲ ಎನ್ನುವ ಪ್ರಮಾಣ ಸಾಮಾನ್ಯವಾಗಿ ಸಿಗುವುದು ಇನ್ಸುಲೇಷನ್ ಸುತ್ತಿದ ಲೈನರಿಗೆ ಮಾತ್ರ. ಬರೀ ಕೊಳವೆಗೆ ಆ ಮಾತು ಅನ್ವಯಿಸುವುದಿಲ್ಲ. ಗೋಡೆಯ ಹಿಂದಿನ ತೆರಪನ್ನು ಯಾರೂ ಕಂಡಿಲ್ಲವಾದ್ದರಿಂದ, ಈ ಇನ್ಸುಲೇಷನ್ ಕಂಬಳಿ ಬೇಡವೆನ್ನುವವರ ವಾದ ನನ್ನ ಮಟ್ಟಿಗೆ ಇಲ್ಲಿಗೇ ಮುಗಿಯಿತು.

ಮ್ಯಾಸಚೂಸೆಟ್ಸ್‌ನ ಪಶ್ಚಿಮದ ಊರೊಂದರಲ್ಲಿ ನನ್ನ ಅಕ್ಕನ ಮನೆಯಿದೆ, 1950ರ ದಶಕದಲ್ಲಿ ಕಟ್ಟಿದ್ದು, ಚಿಮಣಿ ಹೊರಗೋಡೆಗೆ. ಅಲ್ಲಿ ಲೈನರ್ ಇಳಿಸುವುದನ್ನು ನಾನು ಹತ್ತಿರದಿಂದ ನೋಡಿದೆ. ಇಪ್ಪತ್ತೈದು ಅಡಿಯ ಕೊಳವೆಯನ್ನು ಹುಲ್ಲಿನ ಮೇಲೆ ನೀಟಾಗಿ ಚಾಚಿ ಮಲಗಿಸಿದರು. ಕೊಳವೆಯ ಮೈಮೇಲೆ ಹೊಗೆ ಸಾಗುವ ದಿಕ್ಕನ್ನು ತೋರಿಸುವ ಬಾಣದ ಗುರುತಿತ್ತು, ಅದು ತಲೆಕೆಳಗಾಗಬಾರದು. ಕಂಬಳಿ ಎಂದು ಅವರು ಕರೆಯುವುದು ಸೆರಾಮಿಕ್ ನಾರಿನ ಅರ್ಧ ಇಂಚು ದಪ್ಪದ ಹಾಸನ್ನು. ಬೆಳ್ಳಗೆ, ಹತ್ತಿಗಿಂತ ಗಡುಸು, ಒಂದು ಮೈಗೆ ಅಲ್ಯೂಮಿನಿಯಂ ಹಾಳೆ. ಈ ನಾರು 1200 ಡಿಗ್ರಿ ದಾಟಿದರೂ ತಾಳುತ್ತದೆ. ಕೆಲಸದವರಿಬ್ಬರೂ ಮೊದಲು ಕೈಗವಸು, ಮೂಗುಬಾಯಿ ಮುಚ್ಚುವ ಮಾಸ್ಕು, ತುಂಬುತೋಳಿನ ಅಂಗಿ ಹಾಕಿಕೊಂಡರು. ಹಳೆಯ ಬಗೆಯ ಸೆರಾಮಿಕ್ ನಾರನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ, ದೇಹದಲ್ಲಿ ಕರಗುವ ಹೊಸ ಬಗೆಯ ನಾರು ಅದಕ್ಕಿಂತ ವಾಸಿ. ಚಿಮಣಿ ಕೆಲಸಕ್ಕೂ ಕ್ಯಾನ್ಸರಿಗೂ ಇರುವ ನಂಟು ಹಳೆಯದು. ಲಂಡನ್ನಿನಲ್ಲಿ ಚಿಮಣಿಯೊಳಗೆ ಹತ್ತಿಸುತ್ತಿದ್ದ ಹುಡುಗರಿಗೆ ಮುಂದೆ ಬರುತ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯರು 1775ರಲ್ಲೇ ಬರೆದರು. ಮಾಡುವ ಕೆಲಸದಿಂದ ಕ್ಯಾನ್ಸರ್ ಬರುತ್ತದೆಂದು ಮೊದಲು ತೋರಿಸಿಕೊಟ್ಟದ್ದು ಅದು. ಹಾಗಾಗಿ ಮಾಸ್ಕಿಲ್ಲದೆ ಈ ಕೆಲಸಕ್ಕೆ ಕೈಹಾಕುವವರನ್ನು ಮನೆಯವರೇ ತಡೆಯಬೇಕು.

ಕೊಳವೆಗೆ ಅಂಟು ಸಿಂಪಡಿಸಿ, ಹಾಳೆಯ ಮೈ ಹೊರಗೆ ಬರುವಂತೆ ಕಂಬಳಿ ಸುತ್ತಿ, ಅಂಚು ಕೂಡಿದಲ್ಲಿ ಅಲ್ಯೂಮಿನಿಯಂ ಟೇಪು ಎಳೆದರು. ಅಂಚು ಎಲ್ಲೂ ಬಾಯಿ ಬಿಡಬಾರದು. ಬಿಟ್ಟ ಜಾಗದಲ್ಲಿ ಉಕ್ಕು ನೇರ ಇಟ್ಟಿಗೆಗೆ ಎದುರಾಗುತ್ತದೆ, ಅಲ್ಲಿಗೆ ಪ್ರಮಾಣವೂ ಹೋಯಿತು, ಶಾಖವೂ ಹೋಯಿತು. ಅದರ ಮೇಲೆ ಸ್ಟೇನ್‌ಲೆಸ್ ತಂತಿಯ ಬಲೆಯ ಚೀಲವನ್ನು ಕಾಲುಚೀಲ ಏರಿಸಿದಂತೆ ಉದ್ದಕ್ಕೂ ಎಳೆದು ಎರಡೂ ತುದಿಗೆ ಕ್ಲಾಂಪು ಬಿಗಿದರು. ಈ ಬಲೆಯನ್ನು ಉಳಿಸಲು ಹೋಗುವವರಿದ್ದಾರೆ. ಇಟ್ಟಿಗೆಯ ನಡುವಿಂದ ಹೊರಚಾಚಿ ಗಟ್ಟಿಯಾದ ಗಾರೆ ಚಾಕುವಿನಷ್ಟೇ ಹರಿತ. ಬಲೆಯಿಲ್ಲದ ಕಂಬಳಿ ಇಳಿಯುವಷ್ಟರಲ್ಲಿ ಚಿಂದಿಯಾಗಿರುತ್ತದೆ, ಹರಿದದ್ದು ಯಾರಿಗೂ ಕಾಣುವುದಿಲ್ಲ.

ಇಳಿಸುವಾಗ ಒಬ್ಬ ಮೇಲೆ ನಿಂತು ಬಿಟ್ಟ, ಇನ್ನೊಬ್ಬ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಮೊಣಕಾಲೂರಿ ಹಗ್ಗ ಎಳೆದ. ಇಪ್ಪತ್ತು ಅಡಿ ಸಲೀಸಾಗಿ ಬಂದದ್ದು ಡ್ಯಾಂಪರಿನ ಹತ್ತಿರ ನಿಂತಿತು. ಡ್ಯಾಂಪರ್ ಎಂದರೆ ಅಗ್ಗಿಷ್ಟಿಕೆಯ ಕೊರಳಲ್ಲಿರುವ ಕಬ್ಬಿಣದ ಕದ, ಅದರ ಚೌಕಟ್ಟು ಉದ್ದಕ್ಕಿದ್ದರೂ ಅಗಲಕ್ಕೆ ತೀರ ಕಿರಿದು. ಹಿಂದಿನ ದಿನವೇ ಆ ಚೌಕಟ್ಟನ್ನು ಕೊಯ್ದು ಅಗಲ ಮಾಡಿದ್ದರೂ ಒಂದು ಮೂಲೆ ಉಳಿದಿತ್ತು. ಅಕ್ಕ ಕೇಳಿದಳು, ಅಷ್ಟು ಜಾಗದಲ್ಲಿ ಕಂಬಳಿ ಬಿಚ್ಚಿಬಿಟ್ಟರೆ ಆಗದಾ ಎಂದು. ಕೆಳಗಿದ್ದಾತ ಆಗದೆಂದು ತಲೆಯಾಡಿಸಿ, ಮತ್ತೆ ಕೊಯ್ಯುವ ಯಂತ್ರ ತಂದು ಇನ್ನೊಂದು ಗಂಟೆ ಅಲ್ಲೇ ಕೂತ. ಆ ಒಂದು ಗಂಟೆಗಾಗಿ ಆತನ ಮೇಲೆ ನನಗೆ ಗೌರವ. ಎಷ್ಟೋ ಮನೆಗಳಲ್ಲಿ ಕಂಬಳಿ ಡ್ಯಾಂಪರಿನ ಮೇಲಕ್ಕೇ ನಿಂತುಬಿಡುತ್ತದೆ. ಆದರೆ ಅಗ್ಗಿಷ್ಟಿಕೆಯ ಮೇಲಿನ ಮರದ ಹಲಗೆ ಡ್ಯಾಂಪರಿನ ಮಗ್ಗುಲಲ್ಲೇ ಇರುವುದು.

ಕೊನೆಗೆ ಡ್ಯಾಂಪರಿನ ಮಟ್ಟದಲ್ಲಿ ಉಕ್ಕಿನ ತಗಡಿನಿಂದ ಮುಚ್ಚಳ ಮಾಡಿ, ಕೊಳವೆ ಹಾಯುವಷ್ಟು ಕಂಡಿ ಕೊರೆದು, ಸುತ್ತ ಸಂದು ಬಿಡದೆ ಮೆತ್ತಿ, ಅದರ ಮೇಲೆ ರಾಕ್ ವೂಲ್ ಎಂಬ ಕಲ್ಲಿನ ಉಣ್ಣೆ ತುಂಬಿದರು. ಇದನ್ನು ಹಾಕದಿದ್ದರೆ ಒಲೆಯ ಬಿಸಿ ಲೈನರಿನ ಸುತ್ತಲ ಖಾಲಿ ಜಾಗಕ್ಕೆ ಏರಿ ಹೋಗುತ್ತಿರುತ್ತದೆ. ಗಾಜುನಾರು ಇಲ್ಲಿ ಕೂಡದು, ಅದನ್ನು ಹಿಡಿದಿಡುವ ಅಂಟು ಈ ಬಿಸಿಗೆ ಸುಟ್ಟು ವಾಸನೆ ಬರುತ್ತದೆ. ಮೇಲ್ತುದಿಗೆ ತಗಡಿನ ತಟ್ಟೆ, ಮಳೆ ತಡೆಯುವ ಟೊಪ್ಪಿಗೆ.

ಎಲ್ಲ ಚಿಮಣಿಗೂ ಕಂಬಳಿ ಇಷ್ಟು ಸುಲಭವಾಗಿ ಇಳಿಯುವುದಿಲ್ಲ. 8 ಇಂಚು ಚೌಕದ ಮಣ್ಣಿನ ಕೊಳವೆಯ ಒಳಗೆ ನಿಜಕ್ಕೂ ಸಿಗುವುದು ಏಳು ಇಂಚಿನ ಒಳಗೆ. 6 ಇಂಚಿನ ಲೈನರಿಗೆ ಸುತ್ತಲೂ ಅರ್ಧ ಇಂಚು ಕಂಬಳಿ ಸುತ್ತಿದರೆ ಏಳು, ಮೇಲೆ ಬಲೆ ಬೇರೆ. ಹೊಕ್ಕುವುದಿಲ್ಲ. ಆಗ ಹಳೆಯ ಮಣ್ಣಿನ ಕೊಳವೆಗಳನ್ನು ತಿರುಗುವ ಸಲಕರಣೆಯಿಂದ ಒಳಗೇ ಒಡೆದು ಹೊರತೆಗೆಯುತ್ತಾರೆ. ಧೂಳಿನ, ದುಬಾರಿ ಕೆಲಸ, ಆದರೆ ಸರಿಯಾದ ಕೆಲಸ. ಅಥವಾ ಒಲೆ ತಯಾರಿಸಿದವರು ಒಪ್ಪಿದರೆ ಸಣ್ಣ ಲೈನರ್. ಇನ್ನೊಂದು ದಾರಿ, ವರ್ಮಿಕ್ಯುಲೈಟ್ ಎಂಬ ಹಗುರ ಖನಿಜವನ್ನು ಸಿಮೆಂಟಿನೊಡನೆ ಕಲಸಿ ಲೈನರಿನ ಸುತ್ತ ಸುರಿಯುವುದು. ಕೊಳವೆ ಸರಿಯಾಗಿ ನಡುವಿಗೆ ನಿಲ್ಲಬೇಕು, ಬಿರುಕಿದ್ದಲ್ಲಿ ಕಲಸಿದ್ದು ಸೋರಿಹೋಗದಂತೆ ಮೊದಲೇ ಮುಚ್ಚಬೇಕು. ಒಮ್ಮೆ ಗಟ್ಟಿಯಾದರೆ ಲೈನರ್ ಮತ್ತೆ ಹೊರಬರುವುದು ಕಷ್ಟ. ಸಿಮೆಂಟಿಲ್ಲದೆ ಬರೀ ಕಾಳುಗಳನ್ನು ಸುರಿಯುವುದು ನನಗೆ ಸರಿಕಾಣದು. ದಿನ ಕಳೆದಂತೆ ಅವು ಕುಸಿದು ಕೂರುತ್ತವೆ, ಮೇಲೆ ಖಾಲಿ ಬೀಳುತ್ತದೆ. ಹಳೆ ಮನೆಗಳ ಅಟ್ಟದಲ್ಲಿ ಮೊದಲೇ ಇರುವ ವರ್ಮಿಕ್ಯುಲೈಟನ್ನಂತೂ ಕೆದಕಲೇಬಾರದು. 1990ರಲ್ಲಿ ಮುಚ್ಚಿದ ಮೊಂಟಾನಾದ ಲಿಬ್ಬಿ ಗಣಿಯ ಮಾಲಿನಲ್ಲಿ ಆಸ್ಬೆಸ್ಟಾಸ್ ಬೆರೆತಿತ್ತು, ಅದು ದೇಶದ ಲೆಕ್ಕವಿಲ್ಲದಷ್ಟು ಮನೆಗಳಿಗೆ ಹೋಗಿದೆ.

ಕಂಬಳಿ ಬೇಡವೆನ್ನುವವರದು ಇನ್ನೂ ಒಂದು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಚಿಮಣಿ ಮನೆಯ ನಡುವೆ ಇದ್ದರೆ ಲೈನರಿನಿಂದ ಸೋರಿದ ಶಾಖ ಮನೆಗೇ ತಾನೇ ಸಿಗುವುದು ಎನ್ನುತ್ತಾರೆ. ಸ್ವಲ್ಪ ಸಿಗುತ್ತದೆ, ನಿಜ. ಆದರೆ ಅದು ಹೊಗೆಯ ಏರುವ ಬಲದಿಂದ ಕಿತ್ತುಕೊಂಡ ಶಾಖ. ರಾತ್ರಿ ಗಾಳಿ ತಗ್ಗಿಸಿ ಮಂದ ಉರಿಯಲ್ಲಿ ಬಿಟ್ಟಾಗ ಹೊಗೆ ಮೊದಲೇ ತಣ್ಣಗಿರುತ್ತದೆ. ಕ್ರಿಯೋಸೋಟ್ ಹೆಚ್ಚು ಕೂರುವುದು ಆ ಗಂಟೆಗಳಲ್ಲೇ. ಮನೆಗೆ ಬೇಕಾದ ಶಾಖವನ್ನು ಒಲೆಯ ಹಂತದಲ್ಲೇ ತೆಗೆದುಕೊಳ್ಳಬೇಕು, ಒಲೆ ಇರುವುದು ಅದಕ್ಕೇ. ಅಲ್ಲಿಂದ ಮೇಲಿನದು ಹೊಗೆಯ ಪಾಲು. ಒಲೆಗಳು ಸುಧಾರಿಸಿದಷ್ಟೂ ಈ ಮಾತು ಗಟ್ಟಿಯಾಗುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಸೌದೆ ಒಲೆಗಳಿಗೆ ಮೊದಲ ಮಿತಿ ತಂದದ್ದು 1988ರಲ್ಲಿ. ಆ ನಿಯಮದ ಕೆಳಗೆ ಸಾಮಾನ್ಯ ಒಲೆ ಗಂಟೆಗೆ 7.5 ಗ್ರಾಂ ಹೊಗೆಕಣ ಬಿಡಬಹುದಿತ್ತು. 2020ರಿಂದ ಮಿತಿ 2 ಗ್ರಾಂ, ಮನೆಯಲ್ಲಿ ಉರಿಸುವಂಥ ಸೀಳು ಸೌದೆಯಲ್ಲೇ ಪರೀಕ್ಷಿಸಿದರೆ 2.5. ಹೊಸ ಒಲೆ ತನ್ನ ಹೊಗೆಯನ್ನು ತಾನೇ ಸುಡುತ್ತದೆ, ಟಾರು ಕಡಿಮೆ ಕಳಿಸುತ್ತದೆ, ಇದು ದೊಡ್ಡ ಲಾಭ. ಅದೇ ಹೊತ್ತಿಗೆ ಅದರ ಹೊಗೆ ಹಳೆಯ ಒಲೆಯದಕ್ಕಿಂತ ತಣ್ಣಗೆ ಹೊರಡುತ್ತದೆ, ಎಳೆತ ಸೊರಗಿದರೆ ಆ ಒಳಗಿನ ಎರಡನೆಯ ಉರಿಯೂ ಸೊರಗುತ್ತದೆ. ಅಷ್ಟು ಹಣ ಕೊಟ್ಟು ತಂದ ಒಲೆ, ಕೆಲವು ನೂರು ಡಾಲರಿನ ಕಂಬಳಿ ಬಿಟ್ಟದ್ದಕ್ಕೆ ಹಳೆಯ ಒಲೆಯಂತೆ ಹೊಗೆಯಾಡಬೇಕೇ?

ನಮ್ಮ ನಾಡಿಗೆ ಈ ಸಮಸ್ಯೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹಳ್ಳಿಮನೆಗೆಂದು ಅಸ್ತ್ರ ಒಲೆ ರೂಪಿಸಿದಾಗ ತೂಗಿನೋಡಬೇಕಾಗಿದ್ದುದೂ ಇದನ್ನೇ. ಒಂದೇ ಬೆಂಕಿಯ ಮೇಲೆ ಮೂರು ಪಾತ್ರೆ. ಮೂರೂ ಶಾಖ ಹೀರಿಕೊಂಡ ಮೇಲೆ ಉಳಿದದ್ದರಲ್ಲಿ ಹೊಗೆ ಕೊಳವೆ ಹತ್ತಿ ಚಾವಣಿ ದಾಟಬೇಕು, ಅಡುಗೆ ಮಾಡುವ ಹೆಂಗಸಿನ ಕಣ್ಣಿಗೆ ಬೀಳಬಾರದು. ಅಲ್ಲಿ ಹಿಮವಿಲ್ಲ, ಕೊಳವೆ ಚಿಕ್ಕದು, ಕಂಬಳಿಯ ಅಗತ್ಯವಿರಲಿಲ್ಲ. ಆದರೆ ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಆ ಒಲೆಯೂ ಅಡುಗೆಮನೆಗೇ ಹೊಗೆಯುಗುಳುತ್ತದೆ.

ಅಮೆರಿಕದಲ್ಲಿ ಮನೆ ಕೊಳ್ಳುವ ಕನ್ನಡಿಗರು ಈಗ ಬಹಳ ಮಂದಿ. ಚಿಮಣಿ ಎಂಬುದು ಹುಟ್ಟಿದಾಗಿನಿಂದ ನೋಡಿದ ವಸ್ತುವಲ್ಲವಾದ್ದರಿಂದ ಅದನ್ನು ಗೋಡೆಯ ಒಂದು ಭಾಗವೆಂದೇ ತಿಳಿಯುತ್ತೇವೆ. ಮನೆ ಕೈಬದಲಾದಾಗ, ಒಲೆಯ ಬಗೆ ಬದಲಾದಾಗ ಎರಡನೇ ಹಂತದ ತಪಾಸಣೆ ಆಗಬೇಕೆಂದು 211ನೇ ಮಾನದಂಡ ಹೇಳುತ್ತದೆ. ಅದರಲ್ಲಿ ಕ್ಯಾಮೆರಾ ಇಳಿಸಿ ಉದ್ದಕ್ಕೂ ನೋಡುತ್ತಾರೆ, ಅಟ್ಟಕ್ಕೂ ನೆಲಮನೆಗೂ ಹೋಗಿ ಚಿಮಣಿಯ ಬಗಲನ್ನು ನೋಡುತ್ತಾರೆ. ಮನೆ ನೋಡಲು ಬರುವ ಸಾಮಾನ್ಯ ಇನ್‌ಸ್ಪೆಕ್ಟರ್ ಟಾರ್ಚು ಹಿಡಿದು ಬಗ್ಗಿ ನೋಡುವುದು ಇದಕ್ಕೆ ಸಮವಲ್ಲ. ಅದಾದ ಮೇಲೆ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿಸಬೇಕು, ಕಂಬಳಿ ಇದ್ದರೂ ಇಲ್ಲದಿದ್ದರೂ. ಅದನ್ನು ಅಕ್ಟೋಬರಿನವರೆಗೆ ಬಿಡದೆ ಏಪ್ರಿಲ್, ಮೇ ತಿಂಗಳಲ್ಲೇ ಮಾಡಿಸುವುದು ಲೇಸು. ಚಿಮಣಿ ಗುಡಿಸುವವರು ಆಗ ಸಿಗುತ್ತಾರೆ. ಮಸಿಯನ್ನು ಹಾಗೇ ಬಿಟ್ಟರೆ ಬೇಸಗೆಯ ತೇವಕ್ಕೆ ಆಮ್ಲವಾಗಿ ಸ್ಟೇನ್‌ಲೆಸ್ ಉಕ್ಕನ್ನೂ ತಿನ್ನುತ್ತದೆ. ಸೌದೆಯನ್ನೂ ಅದೇ ವಸಂತದಲ್ಲಿ ಸೀಳಿ ಮಳೆ ತಾಗದಂತೆ ಒಟ್ಟಿಡಬೇಕು, ಓಕ್ ಮರವಾದರೆ ಒಂದು ಬೇಸಗೆ ಸಾಲದು. ಹೊಸದಾಗಿ ಲೈನರ್ ಹಾಕಿಸುವವರು ಕಂಬಳಿಯ ತಯಾರಕರ ಹೆಸರು, ಅದರ ದಪ್ಪ, ಲೈನರ್ ಯಾವ ಮಾನದಂಡಕ್ಕೆ ಸೇರಿದ್ದೆಂಬ ಲೇಬಲ್ಲಿನ ಫೋಟೊ, ಕೊಳವೆ ಒಳಗಿಳಿಯುವ ಮುಂಚೆ ಬಲೆಯ ಸಮೇತ ತೆಗೆದ ಇನ್ನೊಂದು ಫೋಟೊ, ಇಷ್ಟನ್ನು ಬಿಲ್ಲಿನ ಜೊತೆಗೇ ಕೇಳಿ ಪಡೆಯಬೇಕು. ವಿಮೆಯವರು ಕೇಳಿದಾಗ ತೋರಿಸಲು ಬೇರೆ ಆಧಾರ ಇರುವುದಿಲ್ಲ.